ಜಾನಕಿ ಅಮ್ಮಾಳ್ ಎಣಿಸಿದ್ದು

ಭಾರತದ ಕಬ್ಬಿಗೆ ಸಿಹಿ ತುಂಬಿದವರು ಇ. ಕೆ. ಜಾನಕಿ ಅಮ್ಮಾಳ್ ಎಂಬ ಮಾತು ಅವರ ಬಗ್ಗೆ ಬರೆದಲ್ಲೆಲ್ಲ ಬರುತ್ತದೆ. ಕೇಳಲು ಹಿತವಾದ ಈ ಮಾತು ಇಸವಿಗಳ ಮುಂದೆ ನಿಲ್ಲುವುದಿಲ್ಲ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ ಹುಟ್ಟಿದ್ದು 1912ರಲ್ಲಿ. ಅಲ್ಲಿನ ಹವೆಯಲ್ಲಿ ಕಬ್ಬು ಸೂಲಂಗಿ ಬಿಟ್ಟು ಬೀಜ ಕಟ್ಟುತ್ತದೆ. ತಳಿ ಬೆರೆಸುವವರಿಗೆ ಬೇಕಾದದ್ದು ಅದೇ. ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ದಪ್ಪ ಜಲ್ಲೆಯ ಸಿಹಿಗಬ್ಬನ್ನು ಗಟ್ಟಿಮುಟ್ಟಾದ ಕಾಡುಕಬ್ಬಿನೊಡನೆ ಬೆರೆಸಿ ಪಡೆದ ಕೋ 205 ತಳಿ 1918ರಲ್ಲೇ ಉತ್ತರ ಭಾರತದ ಹೊಲಗಳಿಗೆ ಹೋಯಿತು. 1897ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಜಾನಕಿ ಆಗ ಇನ್ನೂ ವಿದ್ಯಾರ್ಥಿನಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಅವರಿಗೆ ಸಸ್ಯಶಾಸ್ತ್ರದ ಆನರ್ಸ್ ಪದವಿ ಸಿಕ್ಕಿದ್ದು 1921ರಲ್ಲಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ 1931ರಲ್ಲಿ. ಕೊಯಮತ್ತೂರಿಗೆ ಅವರು ಬಂದದ್ದು 1934ರಲ್ಲಿ. ಮಂಡ್ಯದಿಂದ ಬೆಳಗಾವಿಯವರೆಗೆ ನಮ್ಮ ರೈತರು ನೆಡುವ ಕೋ 86032ರ ತವರೂ ಆ ಸಂಸ್ಥೆಯೇ ನಿಜ. ಆದರೆ ಸಂಸ್ಥೆಯ ಸಾಧನೆಯನ್ನೆಲ್ಲ ಒಬ್ಬರ ಹೆಸರಿಗೆ ಬರೆದರೆ ಅವರು ನಿಜವಾಗಿ ಮಾಡಿದ್ದು ಮರೆಯಾಗುತ್ತದೆ.

ಅವರು ಮಾಡಿದ್ದು ಕ್ರೋಮೋಸೋಮುಗಳ ಎಣಿಕೆ. ಬೇರಿನ ತುದಿಯಲ್ಲಿ ಜೀವಕೋಶಗಳು ಒಡೆದು ಎರಡಾಗುವ ಗಳಿಗೆಯನ್ನು ಹಿಡಿದು, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಡಿ ಒಂದೊಂದನ್ನೇ ಲೆಕ್ಕ ಹಾಕುವ ಕೆಲಸವಿದು. ಕಬ್ಬಿನಲ್ಲಿ ಈ ಲೆಕ್ಕ ಬಲು ಕಷ್ಟ. ಸಿಹಿಗಬ್ಬಿನಲ್ಲಿ 80 ಇದ್ದರೆ ಕಾಡುಕಬ್ಬಿನಲ್ಲಿ ಅದು ಒಂದು ನೆಲೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಇಂದು ತಿಳಿದಿರುವಂತೆ 40ರಿಂದ 128ರವರೆಗೆ. ಇವೆರಡನ್ನು ಬೆರೆಸಿದಾಗ ತಾಯಿಯಾದ ಸಿಹಿಗಬ್ಬು ತನ್ನ ಅರ್ಧ ಪಾಲನ್ನು ಕೊಟ್ಟು ಸುಮ್ಮನಾಗದೆ, ಸಾಮಾನ್ಯವಾಗಿ ಪೂರ್ತಿ ಗಂಟನ್ನೇ ಮುಂದಿನ ಪೀಳಿಗೆಗೆ ದಾಟಿಸುತ್ತದೆ. ಹಾಗಾಗಿ ಹೊರರೂಪವನ್ನಷ್ಟೇ ನೋಡಿ ಯಾವುದು ಯಾರ ಸಂತಾನವೆಂದು ಹೇಳಲಾಗದು. ಭಾರತದ ಕಾಡುಕಬ್ಬಿನ ಬಗೆಗಳನ್ನು ಎಣಿಸಿ ಜಾನಕಿ ಅಮ್ಮಾಳ್ 1936ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗೊಂದಲಕ್ಕೆ ಒಂದು ಕ್ರಮ ತಂದಿತು. ಕಬ್ಬನ್ನು ಅವರು ಜೋಳದೊಂದಿಗೆ, ಕಾಡುಹುಲ್ಲುಗಳೊಂದಿಗೆ, ಕೊನೆಗೆ ಮೆಕ್ಕೆಜೋಳದೊಂದಿಗೂ ಬೆರೆಸಿದರು. ಮೆಕ್ಕೆಜೋಳದ ವರದಿ 1938ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮೆಕ್ಕೆಜೋಳದ ಆ ಬೆರಕೆಯಿಂದ ರೈತನಿಗೆ ದಕ್ಕಿದ್ದೇನು ಎಂದು ಕೇಳಬಹುದು. ಗಾಣಕ್ಕೆ ಹಾಕುವಂಥ ಕಬ್ಬು ಅದರಿಂದ ಬರಲಿಲ್ಲ, ಒಪ್ಪಬೇಕು. ಆದರೆ ಹೊರನೋಟಕ್ಕೆ ಇಷ್ಟು ದೂರದ ಎರಡು ಗಿಡಗಳ ನಡುವೆ ಇನ್ನೂ ಸಂಬಂಧ ಕೂಡಿಬರುತ್ತದೆಯೇ ಎಂಬುದೇ ಅಲ್ಲಿನ ಪ್ರಶ್ನೆಯಾಗಿತ್ತು. ಹುಲ್ಲಿನ ಕುಲದ ಚರಿತ್ರೆಯನ್ನು ಕೆದಕುವ ಆ ಪ್ರಶ್ನೆಗೆ ಉತ್ತರ ಸಿಕ್ಕಿತು.

ಈ ದೃಷ್ಟಿ ಬೆಳೆದದ್ದು ಇಂಗ್ಲೆಂಡಿನಲ್ಲಿ. 1940ರಿಂದ ಯುದ್ಧದ ವರ್ಷಗಳುದ್ದಕ್ಕೂ ಜಾನ್ ಇನ್ಸ್ ಸಂಸ್ಥೆಯಲ್ಲಿ ದುಡಿದು, ಸಿ. ಡಿ. ಡಾರ್ಲಿಂಗ್ಟನ್ ಜೊತೆ 1945ರಲ್ಲಿ ಅವರು ಬೆಳೆಸಸ್ಯಗಳ ಕ್ರೋಮೋಸೋಮ್ ಅಟ್ಲಾಸ್ ಹೊರತಂದರು. ಮನುಷ್ಯ ಬೆಳೆಸುವ ಗಿಡಗಳ ಎಣಿಕೆಗಳನ್ನೆಲ್ಲ ಒಂದೆಡೆ ತಂದ ಈ ಗ್ರಂಥವನ್ನು ನಾನು ಕೃಷಿಯ ಇತಿಹಾಸದ ಆಕರವೆಂದೇ ಓದುತ್ತೇನೆ. ಬಳಿಕ ವಿಸ್ಲಿಯ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ತೋಟದಲ್ಲಿ ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ಮ್ಯಾಗ್ನೋಲಿಯಾದ ಕ್ರೋಮೋಸೋಮುಗಳನ್ನು ಇಮ್ಮಡಿಸಿದರು. ಅಲ್ಲಿನ ಒಂದು ಮ್ಯಾಗ್ನೋಲಿಯಾ ತಳಿಗೆ ಅವರದೇ ಹೆಸರಿದೆ. ಹಿಮಾಲಯದ ತೇವಭರಿತ ಈಶಾನ್ಯದಲ್ಲಿ ಹೊಸ ಸಸ್ಯಪ್ರಭೇದಗಳು ಒಣ ವಾಯವ್ಯಕ್ಕಿಂತ ಹೆಚ್ಚಾಗಿ ಹುಟ್ಟಲು ಇಂಥ ಇಮ್ಮಡಿಕೆಯೇ ಕಾರಣವೆಂದು ಅವರು ವಾದಿಸಿದರು. ಪ್ರಯೋಗಾಲಯದ ಎಣಿಕೆ ಹೀಗೆ ಬೆಟ್ಟಗಳ ಚರಿತ್ರೆಗೆ ಸಾಕ್ಷಿಯಾಯಿತು.

ವಿಜ್ಞಾನದ ಚರಿತ್ರೆ ಮೊದಲೇ ಹೆಣ್ಣುಮಕ್ಕಳ ಪಾಲಿಗೆ ಜಿಪುಣ. ಸಿಕ್ಕ ಒಂದು ಬಿರುದನ್ನೂ ಕಿತ್ತುಕೊಳ್ಳಬೇಕೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೆ ಹುಸಿ ಬಿರುದು ಮೊದಲ ಪರಿಶೀಲನೆಗೇ ಉದುರುತ್ತದೆ, ಉದುರುವಾಗ ನಿಜವಾದ ಕೀರ್ತಿಗೂ ಮಸಿ ಬಳಿಯುತ್ತದೆ. ಸಮಕಾಲೀನರಿಗೆ ಆ ಬಿರುದು ಬೇಕಿರಲಿಲ್ಲ: ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ 1935ರಲ್ಲೇ ಅವರನ್ನು ಫೆಲೋ ಆಗಿ ಆರಿಸಿಕೊಂಡಿತ್ತು. ಭೂಮಿಯ ಚಹರೆಯನ್ನು ಮನುಷ್ಯ ಬದಲಿಸಿದ ಬಗೆ ಕುರಿತು 1955ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ನಡೆದ ವಿಚಾರಸಂಕಿರಣಕ್ಕೆ ಆಹ್ವಾನ ಪಡೆದ ಏಕೈಕ ಮಹಿಳೆ ಅವರು. ಅಲ್ಲಿ ಅವರು ಮಂಡಿಸಿದ್ದು ಭಾರತದ ಜೀವನಾಧಾರ ಕೃಷಿಯನ್ನು, ಬುಡಕಟ್ಟು ಜನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸಸ್ಯಗಳನ್ನು.

ಕೇರಳದ ಸೈಲೆಂಟ್ ವ್ಯಾಲಿ ಕಾಡು ಅಣೆಕಟ್ಟಿನಲ್ಲಿ ಮುಳುಗಲಿದೆ ಎಂದಾಗ, ಎಂಬತ್ತರ ಆಸುಪಾಸಿನ ಜಾನಕಿ ಅಮ್ಮಾಳ್ ಅಲ್ಲಿನ ಮರಗಳ ಕ್ರೋಮೋಸೋಮ್ ಸಮೀಕ್ಷೆಗೆ ಹೊರಟರು. ಕಣಿವೆ ರಾಷ್ಟ್ರೀಯ ಉದ್ಯಾನವಾದದ್ದು 1984ರ ನವೆಂಬರಿನಲ್ಲಿ, ಅವರು ತೀರಿಕೊಂಡ ಒಂಬತ್ತು ತಿಂಗಳ ಮೇಲೆ. ಆ ಗೆಲುವನ್ನೂ ಅವರೊಬ್ಬರಿಗೇ ಕಟ್ಟಬೇಕಿಲ್ಲ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು, ಸುಗತಕುಮಾರಿಯವರಂಥ ಕವಿಗಳು, ಹೆಸರು ಗೊತ್ತಿಲ್ಲದ ಎಷ್ಟೋ ಜನ ಅದಕ್ಕಾಗಿ ಹೋರಾಡಿದ್ದರು. ಆ ಹೋರಾಟಕ್ಕೆ ಅವರು ತಂದದ್ದು ಕೊಯಮತ್ತೂರಿನಲ್ಲಿ ಕಬ್ಬಿನ ಮೇಲೆ ಪಳಗಿಸಿಕೊಂಡಿದ್ದ ಅದೇ ವಿದ್ಯೆಯನ್ನು.