ಮೃದ್ವಸ್ಥಿ ಕೃಷಿ: ಮಂಡಿಗೆ, ಮೂಗಿಗೆ ಹೊಸ ಅಂಗಾಂಶ

ಮೂಗಿಗೂ ಹೊರಕಿವಿಗೂ ಆಕಾರ ನೀಡುವ, ಕೀಲುಗಳಲ್ಲಿ ಎಲುಬಿನ ತುದಿಗಳು ಒಂದಕ್ಕೊಂದು ಉಜ್ಜದಂತೆ ಕಾಯುವ ಅಂಗಾಂಶವೇ ಮೃದ್ವಸ್ಥಿ. ಇದರಲ್ಲಿ ರಕ್ತನಾಳಗಳಿಲ್ಲ. ಮುರಿದ ಮೂಳೆ ಕೂಡಿಕೊಳ್ಳುವಂತೆ ಹಾನಿಗೊಂಡ ಮೃದ್ವಸ್ಥಿ ತಾನಾಗಿ ತುಂಬಿಕೊಳ್ಳದಿರಲು ಇದು ಮುಖ್ಯ ಕಾರಣ. ಆದ್ದರಿಂದಲೇ ರೋಗಿಯ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ವೃದ್ಧಿಸಿ ಮರಳಿ ಕಸಿ ಮಾಡುವ ವಿಧಾನ ರೂಪುಗೊಂಡಿತು.

ಹಿನ್ನೆಲೆ

ಮೂಗಿನ ಮರುರಚನೆಯ ಚರಿತ್ರೆಗೆ ಕರ್ನಾಟಕದ ನಂಟಿದೆ. ಬ್ರಿಟಿಷ್ ಸೇನೆಯ ಎತ್ತಿನಗಾಡಿ ಚಾಲಕ ಕಾವಸ್‌ಜಿ 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಹಣೆಯ ಚರ್ಮದಿಂದ ಆತನಿಗೆ ಹೊಸ ಮೂಗು ಕಟ್ಟಿದ ವೃತ್ತಾಂತವನ್ನು ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ 1794ರಲ್ಲಿ ಪ್ರಕಟಿಸಿತು. ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಒಳಗಿನ ಆಧಾರಕ್ಕಾಗಿ ಪಕ್ಕೆಲುಬು ಅಥವಾ ಕಿವಿಯ ಮೃದ್ವಸ್ಥಿಯನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಈ ಎರಡನೇ ಗಾಯವನ್ನು ಕಿರಿದಾಗಿಸುವುದು ಕೋಶ ಕೃಷಿಯ ಗುರಿಗಳಲ್ಲೊಂದು.

ವಿಧಾನ

ಮಂಡಿಯಲ್ಲಾದರೆ, ಭಾರ ಕಡಿಮೆ ಬೀಳುವ ಭಾಗದಿಂದ ಮೊದಲು ಮೃದ್ವಸ್ಥಿಯ ಸಣ್ಣ ಚೂರನ್ನು ತೆಗೆಯಲಾಗುತ್ತದೆ. ಕಿಣ್ವಗಳ ನೆರವಿನಿಂದ ಕೋಶಗಳನ್ನು ಬಿಡಿಸಿ, ಕೆಲವು ವಾರ ಬೆಳೆಸಿ, ಎರಡನೇ ಶಸ್ತ್ರಚಿಕಿತ್ಸೆಯಲ್ಲಿ ಹಾನಿಗೊಂಡ ಜಾಗಕ್ಕೆ ಸೇರಿಸಲಾಗುತ್ತದೆ. ಚಪ್ಪಟೆ ತಟ್ಟೆಯಲ್ಲಿ ಬೆಳೆಯುವ ಕೋಶಗಳು ಕ್ರಮೇಣ ಮೂಲ ಗುಣ ಕಳೆದುಕೊಳ್ಳುವುದು ದೊಡ್ಡ ತೊಡಕು. ಅದನ್ನು ತಡೆಯಲು ಕೊಲಾಜೆನ್‌ನಂತಹ ವಸ್ತುಗಳ ಆಧಾರ ಒದಗಿಸಲಾಗುತ್ತದೆ.

ಪ್ರಮುಖ ಹಂತಗಳು

* 1994: ಸ್ವೀಡನ್ನಿನಲ್ಲಿ 23 ರೋಗಿಗಳ ಮಂಡಿಗೆ ಮಾಡಿದ ಕೋಶ ಕಸಿಯ ವರದಿ ಪ್ರಕಟ.
* 2014: ಚರ್ಮದ ಕ್ಯಾನ್ಸರ್‌ನಿಂದ ಮೂಗಿನ ಭಾಗ ಕಳೆದುಕೊಂಡ ಐವರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಾಡಿದ ಕಸಿಯ ಫಲಿತಾಂಶ ಪ್ರಕಟ.
* 2017: ರೋಗಿಯದೇ ಮೃದ್ವಸ್ಥಿ ಕೋಶಗಳ ಚಿಕಿತ್ಸೆಗೆ ಭಾರತದಲ್ಲಿ ಅನುಮತಿ.
* 2018: ಹುಟ್ಟಿನಿಂದಲೇ ಕಿವಿ ಪೂರ್ಣ ಬೆಳೆಯದ ಐವರು ಮಕ್ಕಳಿಗೆ ಚೀನಾದಲ್ಲಿ ಮಾಡಿದ ಕಸಿಯ ವರದಿ ಪ್ರಕಟ.
* 2022: ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಕಾಂಡಕೋಶ ಚುಚ್ಚುಮದ್ದಿಗೆ ಮಂಡಿ ಸಂಧಿವಾತದಲ್ಲಿ ಬಳಸಲು ಅನುಮತಿ. ದಾನಿಗಳ ಅಸ್ಥಿಮಜ್ಜೆಯಿಂದ ತಯಾರಾಗುವ ಇದು ಅಂಗಾಂಶ ಕಸಿಯಲ್ಲ.

ರಾಯಚೂರಿನ ಮಟ್ಟಿಗೆ

ಮಾನ್ವಿಯ ಗದ್ದೆಗಳಲ್ಲಿ ಬಾಗಿ ನಾಟಿ ಮಾಡುವ, ದೇವದುರ್ಗದ ಹೊಲಗಳಲ್ಲಿ ಕುಕ್ಕರಗಾಲಿನಲ್ಲಿ ಕಳೆ ತೆಗೆಯುವ ಕೂಲಿಕಾರರಿಗೆ ಮಂಡಿಯೇ ಬಂಡವಾಳ. ಎರಡು ಶಸ್ತ್ರಚಿಕಿತ್ಸೆ, ನಡುವಿನ ವಾರಗಳ ಕಾಯುವಿಕೆ, ಬಳಿಕ ತಿಂಗಳುಗಟ್ಟಲೆ ವ್ಯಾಯಾಮ ಹಾಗೂ ವಿಶ್ರಾಂತಿ ಎಂದರೆ ಚಿಕಿತ್ಸಾ ವೆಚ್ಚದ ಜೊತೆಗೆ ಕೂಲಿಯೂ ಖೋತಾ. ಬೆಂಗಳೂರು ರಾಯಚೂರಿನಿಂದ ಸುಮಾರು 400 ಕಿ.ಮೀ. ದೂರದಲ್ಲಿದೆ. 2007ರಲ್ಲಿ ಆರಂಭವಾದ ರಿಮ್ಸ್‌ನ ಮೂಳೆ ವಿಭಾಗದಲ್ಲಿ ಮೊದಲು ತಪಾಸಣೆ ಮಾಡಿಸಿಕೊಂಡರೆ ಅನಗತ್ಯ ಅಲೆದಾಟ ತಪ್ಪೀತು.

ಕೋಶ ಕಸಿ ಮುಖ್ಯವಾಗಿ ಗಾಯದಿಂದ ಒಂದೆಡೆ ಮಾತ್ರ ಹಾನಿಗೊಂಡ ಮಂಡಿಗೆ ಒಪ್ಪುತ್ತದೆ. ವಯಸ್ಸಿನಿಂದ ಪೂರ್ತಿ ಸವೆದ ಮಂಡಿಗೆ ಕೀಲು ಬದಲಾವಣೆಯೇ ಪರಿಹಾರ. ಜಿಲ್ಲೆಯ ಅಂತರ್ಜಲದ ಫ್ಲೋರೈಡ್‌ನಿಂದ ಬರುವ ಕೀಲುಬಿಗಿತಕ್ಕೂ ಇದು ಮದ್ದಲ್ಲ. ಅದರ ತಡೆಗೆ ಶುದ್ಧ ಕುಡಿಯುವ ನೀರೇ ಬೇಕು. ಕಾಂಡಕೋಶದ ಹೆಸರಿನಲ್ಲಿ ಯಾರೇ ಚಿಕಿತ್ಸೆ ನೀಡಲು ಮುಂದಾದರೂ, ಅದಕ್ಕೆ ಕೇಂದ್ರ ಔಷಧ ನಿಯಂತ್ರಕರ ಅನುಮತಿ ಇದೆಯೇ ಎಂದು ಹಣ ಕಟ್ಟುವ ಮುನ್ನ ವಿಚಾರಿಸುವುದು ರೋಗಿಯ ಹಕ್ಕು.