ದಾವೆ ಖರ್ಚಿನ ಆಜ್ಞೆಯೂ ನಾಗಪುರದ ಇಬ್ಬರು ನ್ಯಾಯಮೂರ್ತಿಗಳೂ

ವ್ಯಾಜ್ಯದಲ್ಲಿ ಸೋತವನು ಗೆದ್ದವನಿಗೆ ಖರ್ಚು ಕೊಡಬೇಕೆಂಬುದು ಸಾಮಾನ್ಯ ನಿಯಮ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೆಯ ಕಲಮು ಇದನ್ನು ನ್ಯಾಯಾಲಯದ ವಿವೇಚನೆಗೆ ಬಿಟ್ಟಿತಾದರೂ, ಈ ನಿಯಮವನ್ನು ಮೀರುವಾಗ ಕಾರಣವನ್ನು ಬರೆದಿಡಬೇಕೆಂದು ವಿಧಿಸಿತು. ತೀರ್ಪಿನ ಕೊನೆಯಲ್ಲಿ ಒಂದೇ ಪಂಕ್ತಿಯಾಗಿ ಬರುವ ಈ ಆಜ್ಞೆಯನ್ನು ಗಮನವಿಟ್ಟು ಓದುವವರು ಕಡಮೆ. ಆದರೆ ಕೋರ್ಟು ಫೀಸು, ವಕೀಲರ ಫೀಸು, ಸಾಕ್ಷಿಗಳ ಭತ್ಯ ಎಲ್ಲವೂ ಕೂಡಿದಾಗ ಬಡ ಕಕ್ಷಿದಾರನಿಗೆ ಆ ಪಂಕ್ತಿಯೇ ತೀರ್ಪಿಗಿಂತ ಭಾರವಾಗುವುದುಂಟು. ಒಮ್ಮೆ ಹೊರಡಿಸಿದ ಇಂಥ ಆಜ್ಞೆಯನ್ನು ನ್ಯಾಯಾಲಯವು ಮತ್ತೆ ಕೈಗೆತ್ತಿಕೊಳ್ಳಬಹುದೆ?

ಮೊತ್ತದ ಮಟ್ಟಿಗೆ ಕಾನೂನು ಬಿಗಿಯಾಗಿದೆ. ಸಹಿ ಬಿದ್ದ ತೀರ್ಪನ್ನು ಬರೆದ ನ್ಯಾಯಾಧೀಶನೂ ತಿದ್ದಲಾರನು. ಬರವಣಿಗೆಯ ತಪ್ಪು ಅಥವಾ ಆಕಸ್ಮಿಕವಾಗಿ ಬಿಟ್ಟುಹೋದ ಮಾತಿದ್ದರೆ 152ನೆಯ ಕಲಮಿನಂತೆ ಸರಿಪಡಿಸಬಹುದು. ಇಂಗ್ಲೆಂಡಿನಲ್ಲಿ 1880ರ ಫ್ರಿಟ್ಜ್–ಹಾಬ್ಸನ್ ವ್ಯಾಜ್ಯದಲ್ಲಿ ಮಧ್ಯಂತರ ಅರ್ಜಿಯ ಖರ್ಚಿನ ಮಾತು ತೀರ್ಪಿನಲ್ಲಿ ಮರೆತುಹೋಗಿದ್ದುದನ್ನು ಇದೇ ತತ್ತ್ವದ ಮೇಲೆ ಸೇರಿಸಲಾಯಿತು. ಹೊಸ ಸಾಕ್ಷ್ಯ ದೊರೆತರೆ, ಇಲ್ಲವೆ ಕಣ್ಣಿಗೆ ಎದ್ದು ತೋರುವ ದೋಷವಿದ್ದರೆ ಪುನರ್ವಿಮರ್ಶೆಯನ್ನು ಬೇಡಬಹುದು. 1963ರ ಕಾಲಮಿತಿ ಶಾಸನದಂತೆ ಅದಕ್ಕೆ 30 ದಿನಗಳ ಅವಧಿ. ಅಪೀಲಿನಲ್ಲಿ ಡಿಕ್ರಿ ಬಿದ್ದುಹೋದರೆ 144ನೆಯ ಕಲಮಿನಂತೆ ತೆತ್ತ ಖರ್ಚು ಹಿಂದಿರುಗುತ್ತದೆ. ನ್ಯಾಯಾಧೀಶನ ಮನಸ್ಸು ಬದಲಾಯಿತೆಂಬುದು ಮಾತ್ರ ಕಾರಣವಾಗದು. ಹಾಗಾದರೆ ಯಾವ ತೀರ್ಪಿಗೂ ಕೊನೆಯೆಂಬುದೇ ಇರದು.

ಆದರೆ ಖರ್ಚಿನ ಆಜ್ಞೆಗೆ ಇನ್ನೊಂದು ಮುಖವಿದೆ. ಗೈರುಹಾಜರಾದವನಿಗೆ, ತಡಮಾಡಿದವನಿಗೆ ‘ಇಷ್ಟು ಹಣ ಇಂಥ ದಿನದೊಳಗೆ ಕಟ್ಟು, ಮುಂದೆ ನಡೆ’ ಎಂದು ನ್ಯಾಯಾಲಯ ಹೇಳುವುದುಂಟು. ಇಲ್ಲಿ ಖರ್ಚು ಕ್ಷಮೆಯ ಬೆಲೆ. ಗಡುವು ಮೀರಿದರೆ ವ್ಯಾಜ್ಯದ ಗತಿಯೇನು? ಇದನ್ನು ಕುರಿತ ವಿಚಾರದಲ್ಲಿ ನಾಗಪುರದ ನ್ಯಾಯಪೀಠದಿಂದ ಬಂದ ಇಬ್ಬರ ಹೆಸರು ಸ್ಮರಣೀಯ.

ನಾಗಪುರದ ಉಚ್ಚ ನ್ಯಾಯಾಲಯವು 1936ರ ಜನವರಿಯಲ್ಲಿ ಜುಡಿಶಿಯಲ್ ಕಮಿಷನರ ನ್ಯಾಯಾಲಯದ ಸ್ಥಾನದಲ್ಲಿ ಸ್ಥಾಪಿತವಾಯಿತು. 1956ರ ನವೆಂಬರ್ 1ರಂದು, ಕನ್ನಡನಾಡು ಒಂದಾದ ದಿನದಂದೇ, ಅದು ಆ ನಗರದಿಂದ ಜಬಲಪುರಕ್ಕೆ ಹೋಯಿತು. ನಾಗಪುರದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಪೀಠ ನೆಲಸಿತು. ಇಪ್ಪತ್ತು ವರ್ಷಗಳ ಈ ಅಲ್ಪಾಯುಸ್ಸಿನಲ್ಲಿ ವಿವಿಯನ್ ಬೋಸ್ ಮತ್ತು ಎಂ. ಹಿದಾಯತುಲ್ಲಾ ಇಬ್ಬರೂ ಅಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದು, ಅನಂತರ ಸರ್ವೋಚ್ಚ ನ್ಯಾಯಾಲಯವನ್ನು ಸೇರಿದರು.

1955ರ ಸಂಗ್ರಾಮಸಿಂಗ್ ವ್ಯಾಜ್ಯದಲ್ಲಿ, ಗೈರುಹಾಜರಾಗಿದ್ದ ಕಕ್ಷಿದಾರನ ವಕೀಲರು ಮುಂದಿನ ಹಂತದಲ್ಲಿ ಬಂದಾಗ ಚುನಾವಣಾ ನ್ಯಾಯಮಂಡಲಿ ಅವರಿಗೆ ಬಾಗಿಲು ಮುಚ್ಚಿತ್ತು. ಪ್ರಕ್ರಿಯಾ ನಿಯಮವಿರುವುದು ನ್ಯಾಯಕ್ಕೆ ನೆರವಾಗಲೆಂದು, ಜನರನ್ನು ಎಡವಿಸಲೆಂದಲ್ಲ ಎಂಬ ಅಭಿಪ್ರಾಯದ ಬೋಸ್, ಎದುರಾಳಿಯ ನಷ್ಟ ಖರ್ಚಿನಿಂದ ತುಂಬಿಬರುವಂತಿದ್ದರೆ ಅದನ್ನೇ ವಿಧಿಸಿ ಮುಂದುವರಿಯಬಹುದೆಂದರು. 1961ರ ಮಹಂತ ರಾಮದಾಸ್ ವ್ಯಾಜ್ಯದಲ್ಲಿ ಪ್ರಶ್ನೆಯಿದ್ದುದು ಖರ್ಚಿನದಲ್ಲ, ಕೊರತೆಬಿದ್ದ ಕೋರ್ಟು ಫೀಸಿನದು. ಗಡುವಿನೊಳಗೆ ಕಟ್ಟದಿದ್ದರೆ ಅಪೀಲು ವಜಾ ಎಂಬ ಆಜ್ಞೆಯಾಗಿತ್ತು. ಅವಧಿ ಮುಗಿಯುವ ಮೊದಲೇ ಹೆಚ್ಚು ಕಾಲ ಬೇಡಿದ್ದರೂ ಪಟ್ನಾದ ಉಚ್ಚ ನ್ಯಾಯಾಲಯ ತನಗೆ ಅಧಿಕಾರವಿಲ್ಲವೆಂದಿತು. ಹಿದಾಯತುಲ್ಲಾ ಅದನ್ನು ಒಪ್ಪಲಿಲ್ಲ. ಇಂಥ ಆಜ್ಞೆಗಳು ಸೋಮಾರಿ ಕಕ್ಷಿದಾರನನ್ನು ಬೆದರಿಸಲು ಇರುವಂಥವು. ಅವಧಿಯಲ್ಲಿ ನಡೆದ ಸಂಗತಿಗಳನ್ನು ನ್ಯಾಯಾಲಯ ನೋಡಲೇಬಾರದೆಂದು ಕೈ ಕಟ್ಟುವಂಥವಲ್ಲ ಎಂದು ಅವರು ತೀರ್ಮಾನಿಸಿದರು. ಈ ವಿಚಾರಸರಣಿ ಖರ್ಚಿನ ಗಡುವಿಗೂ ಅನ್ವಯಿಸತಕ್ಕದ್ದೇ.

ಶಾಸನಕಾರರು ಅಷ್ಟು ಉದಾರರಾಗಿರಲಿಲ್ಲ. 1976ರಲ್ಲಿ ಸೇರಿದ 35ಬಿ ಕಲಮು, ವಿಳಂಬಕ್ಕೆ ವಿಧಿಸಿದ ಖರ್ಚನ್ನು ಕಟ್ಟಿದ ಹೊರತು ದಾವೆಯನ್ನಾಗಲಿ ಪ್ರತಿವಾದವನ್ನಾಗಲಿ ಮುಂದುವರಿಸಬಾರದೆಂದಿತು. 2002ರಲ್ಲಿ ಜಾರಿಗೆ ಬಂದ ತಿದ್ದುಪಡಿ 148ನೆಯ ಕಲಮಿನಡಿ ಕಾಲ ವಿಸ್ತರಿಸುವ ಅಧಿಕಾರವನ್ನು ಒಟ್ಟು 30 ದಿನಗಳಿಗೆ ಸೀಮಿತಗೊಳಿಸಿತು. 2005ರಲ್ಲಿ ಸೇಲಂ ವಕೀಲರ ಸಂಘದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಕ್ಷಿದಾರನ ಕೈಮೀರಿದ ಕಾರಣವಿದ್ದರೆ ಆ ಮಿತಿಯೂ ಅಡ್ಡಬಾರದೆಂದು ತೀರ್ಪಿತ್ತಿತು.