ಹಾದುಹೋಗುವವರಿಗೆ ಒಂದು ಮಾತು



ನಮ್ಮ ಅಳ್ನಾವರ ರೈಲು ಜಂಕ್ಷನ್ನಿನ ಊರು. ದಾಂಡೇಲಿಯ ಹಳಿ ಕವಲೊಡೆಯುವುದು ಇಲ್ಲಿಯೇ. ಲೋಂಡಾ, ಕ್ಯಾಸಲ್ ರಾಕ್ ದಾಟಿದರೆ ಗೋವಾ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅದರ ಒಂದು ಭಾಗ ಗೋವಾ ಮಹಾಧರ್ಮಪ್ರಾಂತ್ಯದಿಂದ ಬಂದದ್ದು. ಆದ್ದರಿಂದ ಗೋವೆಯ ತಪಸ್ಸುಕಾಲದ ಗಾಯನವಾದ ಮೊಟೆಟ್ ನಮಗೆ ನೆರೆಮನೆಯ ಸೊತ್ತು.

ಫ್ರೆಂಚ್ ಭಾಷೆಯಲ್ಲಿ ‘ಮೋ’ ಎಂದರೆ ಮಾತು. ಅದರಿಂದಲೇ ‘ಮೊಟೆಟ್’ ಎಂಬ ಹೆಸರು ಬಂತು. 13ನೇ ಶತಮಾನದ ಯುರೋಪಿನಲ್ಲಿ ಬೆಳೆದ, ಹಲವು ದನಿಗಳನ್ನು ಹೆಣೆದು ಹಾಡುವ ಪ್ರಕಾರವಿದು. ಪೋರ್ಚುಗೀಸರ ಕಾಲದಲ್ಲಿ ಗೋವೆಯ ಧರ್ಮಕೇಂದ್ರಗಳ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ, ಪಿಟೀಲು, ಲತೀನ್ ಗಾಯನ ಕಲಿಸುತ್ತಿದ್ದರು. ಅಲ್ಲಿ ಕಲಿತ ಗೋವೆಯವರೇ ಮುಂದೆ ತಪಸ್ಸುಕಾಲಕ್ಕೆಂದು ಮೊಟೆಟ್ ರಚಿಸಿದರು. ಶಿಲುಬೆ ಹೊತ್ತ ಸ್ವಾಮಿಯ ಪ್ರತಿಮೆಯ ಮೆರವಣಿಗೆಗೆ ಅಲ್ಲಿ ‘ಪಾಸೂಸ್’, ಅಂದರೆ ‘ಹೆಜ್ಜೆಗಳು’ ಎನ್ನುತ್ತಾರೆ. ಆಗ ಪಿಟೀಲು, ಕ್ಲಾರಿನೆಟ್‌ಗಳೊಡನೆ ಗಾನವೃಂದ ಮೊಟೆಟ್ ಹಾಡುತ್ತದೆ. ಜನ ಮೌನವಾಗಿ ಆಲಿಸುತ್ತಾರೆ.

ಪವಿತ್ರ ವಾರದ ಇಂಥ ಗಾಯನಕ್ಕೆ ಹಲವು ಶತಮಾನಗಳಿಂದ ಒದಗಿ ಬಂದ ವಾಕ್ಯವೊಂದು ಪ್ರಲಾಪಗಳ ಗ್ರಂಥದ ಮೊದಲ ಅಧ್ಯಾಯದಲ್ಲಿದೆ. ಹಾಳಾದ ಜೆರುಸಲೇಮ್ ನಗರಿ ದಾರಿಹೋಕರನ್ನು ತಡೆದು, ತನ್ನಂಥ ದುಃಖ ಬೇರೆಲ್ಲಾದರೂ ಉಂಟೇ ಎಂದು ಕೇಳುತ್ತಾಳೆ. ಧರ್ಮಸಭೆ ಆ ದನಿಯಲ್ಲಿ ಸ್ವಾಮಿಯ ಯಾತನೆಯನ್ನು ಕಂಡಿತು.

ಆದರೆ ಲತೀನ್ ಎಷ್ಟು ಜನರಿಗೆ ತಿಳಿಯುತ್ತಿತ್ತು? ರಾಗಕ್ಕೆ ಕಣ್ಣೀರು ಬರುತ್ತಿತ್ತು, ಮಾತು ದೂರವೇ ಉಳಿಯುತ್ತಿತ್ತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು; ಹಳೆಯ ಪವಿತ್ರ ಸಂಗೀತವನ್ನು ಕಾಪಾಡಬೇಕೆಂದೂ ಹೇಳಿತು. 1967ರ ‘ಮೂಸಿಕಾಂ ಸಾಕ್ರಾಂ’ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಗಾನವೃಂದ ಹಾಡುವಾಗ ಜನರು ಮನಸ್ಸನ್ನು ಅದರೊಡನೆ ಕೂಡಿಸಬೇಕು, ಅದೂ ಭಾಗವಹಿಸುವಿಕೆಯೇ.

ಅರ್ಥ ತಿಳಿಯದೆ ಮನಸ್ಸು ಕೂಡುವುದು ಹೇಗೆ? ಇಂದು ನಾವು ಕನ್ನಡದಲ್ಲಿಯೇ ಹಾಡುತ್ತೇವೆ. ಆದರೂ ಕೀಬೋರ್ಡು, ಧ್ವನಿವರ್ಧಕಗಳ ಅಬ್ಬರದಲ್ಲಿ ಮಾತು ಮುಳುಗಿದರೆ, ಅದು ಇನ್ನೊಂದು ಬಗೆಯ ಲತೀನೇ ಆಗುತ್ತದೆ. ಗಾನವೃಂದದ ಮಕ್ಕಳೇ, ಶುಭ ಶುಕ್ರವಾರ ಹಾಡುವ ಮೊದಲು ಆ ಹಾಡಿನ ಮಾತುಗಳನ್ನು ಒಮ್ಮೆ ಓದಿ ಹೇಳಿರಿ. ತಂದೆತಾಯಿಗಳೇ, ಅದರ ಅರ್ಥವನ್ನು ಮನೆಯಲ್ಲಿ ಮಕ್ಕಳಿಗೆ ತಿಳಿಸಿರಿ.

ಜಂಕ್ಷನ್ನಿನಲ್ಲಿ ದಿನವೂ ಎಷ್ಟೋ ಜನ ಹಾದುಹೋಗುತ್ತಾರೆ. ಶಿಲುಬೆಯ ಎದುರಿಗೂ ನಾವು ಹಾಗೆಯೇ ಹಾದುಹೋಗದಿರೋಣ. ಒಂದು ಗಳಿಗೆ ನಿಂತು ಆಲಿಸೋಣ. ಆಮೆನ್.